ಕ್ವಾರಿಗೆ ಇಳಿದ ಮಿಲಿಟರಿ ಎಂಜಿನು

ಎಂಜಿನಿಗೆ ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು, ಸುತ್ತಿ ಹಿಡಿಯಬಾರದು. ಎಂಜಿನು ಹಿಂದಕ್ಕೆ ಒದ್ದರೆ ಹ್ಯಾಂಡಲ್ಲು ತಾನಾಗಿ ಜಾರಿಹೋಗುತ್ತದೆ, ಕೈ ಉಳಿಯುತ್ತದೆ. ಸುತ್ತಿ ಹಿಡಿದಿದ್ದರೆ ಹೆಬ್ಬೆರಳು ಮುರಿಯುತ್ತದೆ. ಈಗ ಕೆಲಸಕ್ಕೆ ಸೇರುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರ ಎಂಜಿನುಗಳಿಗೆ ಗುಂಡಿ ಒತ್ತಿದರೆ ಸಾಕು. ಆದರೆ ಕೆಲಸ ನಿಜವಾಗಿ ಹೇಗಿತ್ತೋ ಹಾಗೇ ಬರೆಯಿರಿ ಎಂದು ಕೇಳಿದವರೂ ಅವರೇ. ನಾನು ಯಾವಾಗ ಏನಾದೆ, ಯಾವ ಹುದ್ದೆಯಿಂದ ನಿವೃತ್ತನಾದೆ ಎನ್ನುವುದರಲ್ಲಿ ಹೇಳುವಂಥದ್ದೇನೂ ಇಲ್ಲ. ಒಂದು ಎಂಜಿನಿನ ಕಥೆ ಇದೆ, ಅದನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ಒಂದೆರಡು ಮಾತು.

ಪಾಂಡವಪುರದಲ್ಲಿ ನಾಲೆ ಕೆಲಸಕ್ಕೆಂದು ಇದ್ದ ಸಣ್ಣ ವರ್ಕ್‌ಶಾಪಿನಲ್ಲಿ ನಾನು ಮೆಕ್ಯಾನಿಕ್ಕು. ಸಿಕ್ಕಿಕೊಂಡ ತೂಬಿನ ಗೇಟು ಬಿಡಿಸುವುದು, ನೀರೆತ್ತುವ ಪಂಪುಗಳನ್ನು ಓಡುವ ಸ್ಥಿತಿಯಲ್ಲಿಡುವುದು, ಜೀಪು ರೋಲರುಗಳ ರಿಪೇರಿ, ಇವು ನಮ್ಮ ಪಾಲಿನವು. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆ, ನಾಗಮಂಗಲದವರೆಗೆ ಎಲ್ಲಿ ಏನು ಕೆಟ್ಟರೂ ಹೋಗಬೇಕಿತ್ತು. ವರ್ಕ್‌ಶಾಪು ಎಂದರೆ ನಾಲ್ಕಾರು ಜನ ಸೇರಿ ಹರಟುತ್ತಾ ಕೆಲಸ ಮಾಡುವ ಜಾಗ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಿರಲಿಲ್ಲ. ಬೆಳಿಗ್ಗೆ ಜೀಪು ನನ್ನನ್ನೂ ಸಾಮಾನಿನ ಚೀಲವನ್ನೂ ನಾಲೆ ಏರಿಯ ಮೇಲೆ ಇಳಿಸಿ ಹೋಗುತ್ತಿತ್ತು, ಸಂಜೆ ಬಂದು ಹತ್ತಿಸಿಕೊಳ್ಳುತ್ತಿತ್ತು. ಅಲ್ಲಿಯತನಕ ನಾನು, ಕೆಟ್ಟ ಪಂಪು, ದೂರದಲ್ಲಿ ಹುಲ್ಲು ಕೊಯ್ಯುವವರ ಬೆನ್ನು. ಇಡೀ ದಿನ ಬಾಯಿ ಬಿಡದೆ ಇದ್ದು, ಡ್ರೈವರು ಏನಾದರೂ ಕೇಳಿದರೆ ಉತ್ತರ ಕೊಡಲು ಗಂಟಲು ಕೆರೆದುಕೊಳ್ಳಬೇಕಾಗುತ್ತಿತ್ತು. ಸ್ಪ್ಯಾನರು ಹಿಡಿಯುವುದನ್ನು ಯಾರಾದರೂ ಕಲಿಸುತ್ತಾರೆ. ಹೀಗೆ ಒಬ್ಬನೇ ಇರುವುದನ್ನು ತಾನೇ ಅಭ್ಯಾಸ ಮಾಡಿಕೊಳ್ಳಬೇಕು.

ನಮ್ಮ ಫೋರ್‌ಮನ್ ಜವರೇಗೌಡರು ಬೈಯದೆ ಮಾತಾಡಿದ್ದು ಕಡಿಮೆ. ನಾನು ಸೇರಿದ ಹೊಸದರಲ್ಲಿ ಕೆ.ಆರ್. ಪೇಟೆ ಕಡೆ ಒಂದು ಪಂಪು ಓಡಿದಂತೆ ಮಾಡಿ ನಿಲ್ಲುತ್ತಿತ್ತು. ನಾನು ಕಾರ್ಬುರೇಟರು ಬಿಚ್ಚಿದೆ, ಪ್ಲಗ್ಗು ಬದಲಿಸಿದೆ, ಕೊನೆಗೆ ಹೆಡ್ಡನ್ನೂ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿಕೊಂಡು ಕೂತಿದ್ದೆ. ಸಂಜೆ ಜೀಪಿನಲ್ಲಿ ಬಂದ ಗೌಡರು ಎಂಜಿನನ್ನು ಮುಟ್ಟಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಅದರ ನೆತ್ತಿಯ ಮೇಲಿದ್ದ ಸಣ್ಣ ತೂತಿಗೆ ಮೆತ್ತಿಕೊಂಡಿದ್ದ ಕೆಸರನ್ನು ಉಗುರಿನಿಂದ ಕೆರೆದರು. ಗಾಳಿ ಒಳಹೋಗಲು ಅದೊಂದೇ ದಾರಿ; ಅದು ಮುಚ್ಚಿದ್ದರಿಂದ ಪೆಟ್ರೋಲು ಇಳಿಯುತ್ತಿರಲಿಲ್ಲ. “ಬಿಚ್ಚಾದ್ಕೆ ಮುಂಚೆ ನೋಡ್ಲಾ. ಕಣ್ಣಿಗೇನ್ ಸ್ಪ್ಯಾನರ್ ಬೇಕಾ?” ಎಂದರು. ಆಮೇಲೆ ನನ್ನ ಜೊತೆ ಕೂತು, ಕತ್ತಲಾಗುವಷ್ಟರಲ್ಲಿ ಹೆಡ್ಡು ಕೂರಿಸಲು ಕೈ ಕೊಟ್ಟರು. ಅವರ ಬೈಗುಳದ ಹಿಂದೆ ಹೀಗೆ ಒಂದು ಕೈ ಇರುತ್ತಿತ್ತು.

ಗೌಸ್ ಸಾಬರು ಬೇರೆ ತರಹ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದವರು. ನಾನು ಸೇರಿದಾಗ ನಿವೃತ್ತಿಯ ಹತ್ತಿರ ಇದ್ದರು. ಮ್ಯಾಗ್ನೆಟೊ ಎಂದರೇನೆಂದು ನನಗೆ ಹೇಳಿಕೊಟ್ಟವರು ಅವರೇ. ಪೆಟ್ರೋಲ್ ಎಂಜಿನು ಓಡಬೇಕಾದರೆ ಕಿಡಿ ಬೇಕು. ಜೀಪಿನಲ್ಲಿ ಅದು ಬ್ಯಾಟರಿಯಿಂದ ಬರುತ್ತದೆ. ಮ್ಯಾಗ್ನೆಟೊ ಇರುವ ಎಂಜಿನಿಗೆ ಬ್ಯಾಟರಿಯೇ ಬೇಡ. ಕುದುರೆ ಲಾಳದಂಥ ಅಯಸ್ಕಾಂತ, ಅದರ ನಡುವೆ ತಂತಿ ಸುತ್ತಿದ ಒಂದು ದಿಂಡು. ತಿರುಗಿಸಿದರೆ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕರೆಂಟಿಲ್ಲದ ಕಾಡಿನಲ್ಲಿ, ಬ್ಯಾಟರಿ ಸಿಗದ ಜಾಗದಲ್ಲಿ ಓಡಲಿ ಎಂದು ಸೈನ್ಯದವರು ಅದನ್ನು ಇಟ್ಟುಕೊಂಡಿದ್ದರು. ದಿಂಡನ್ನು ಹೊರಗೆಳೆಯುವಾಗ ಅಯಸ್ಕಾಂತದ ಎರಡೂ ಕಾಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇಡಬೇಕು, ಇಲ್ಲದಿದ್ದರೆ ಅದರ ಶಕ್ತಿ ಸೋರಿಹೋಗುತ್ತದೆ ಎಂದು ಸಾಬರು ಮೊದಲ ದಿನವೇ ಹೇಳಿದ್ದರು. “ಅದುಕ್ಕೂ ಏನಾದ್ರೂ ಹಿಡ್ಕೊಳ್ಳೋಕೆ ಬೇಕು ಬೇಟಾ,” ಎನ್ನುತ್ತಿದ್ದರು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮ್ಯಾಗ್ನೆಟೊ ಕೇಳುವವರೇ ಇರಲಿಲ್ಲ. ಎಲ್ಲ ಕಡೆ ಡೀಸೆಲ್ ಪಂಪು, ಇಲ್ಲವೇ ಕರೆಂಟಿನ ಮೋಟರು. ಸಾಬರು ನಿವೃತ್ತರಾಗಿ ಶ್ರೀರಂಗಪಟ್ಟಣದ ಗಂಜಾಮಿನ ಮನೆಯಲ್ಲಿದ್ದರು. ಅದೇ ಸುಮಾರಿನಲ್ಲಿ ನನ್ನ ಹೆಂಡತಿ ಸಾವಿತ್ರಿ ತೀರಿಕೊಂಡಳು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದ್ದೆವು, ವಾಪಸು ಬರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ನಾಗಮಂಗಲದಲ್ಲಿದ್ದ ನನ್ನಕ್ಕ ಇನ್ನೊಂದು ಮದುವೆಯ ಮಾತು ತೆಗೆದಳು, ನಾನು ಬೇಡವೆಂದೆ. ಕೆಲಸ ಮುಗಿಸಿ ಮನೆಗೆ ಹೋದರೆ ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ನೋಡುವುದು ಬೇಡವೆಂದು ವರ್ಕ್‌ಶಾಪಿನಲ್ಲೇ ಸುಳಿದಾಡಿ ಹೊತ್ತು ಕಳೆಯುತ್ತಿದ್ದೆ.

ವರ್ಕ್‌ಶಾಪಿನ ಹಿಂದೆ ಹೊಂಗೆ ಮರದ ಕೆಳಗೆ ಎರಡು ಗಾಲಿಯ ಗಾಡಿಯ ಮೇಲೆ ಕೂರಿಸಿದ ಒಂದು ಪಂಪು ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ ಸಾಮಾನು ಮಾರಿದಾಗ ಕೊಂಡದ್ದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನು, ಅದರ ಮೂತಿಗೆ ದೊಡ್ಡ ಪಂಪು, ಪಕ್ಕದಲ್ಲಿ ಮ್ಯಾಗ್ನೆಟೊ. ಒಂದು ಕಾಲದಲ್ಲಿ ನಾಲೆ ಒಡೆದಾಗಲೆಲ್ಲ ಇದೇ ಹೋಗುತ್ತಿತ್ತಂತೆ. ಡೀಸೆಲ್ ಪಂಪುಗಳು ಬಂದ ಮೇಲೆ ತಂದು ನಿಲ್ಲಿಸಿದವರು ಮತ್ತೆ ಮುಟ್ಟಿರಲಿಲ್ಲ. ಹಳೇ ಕಬ್ಬಿಣದ ಹರಾಜಿಗೆ ಅದನ್ನೂ ಸೇರಿಸಲು ಮೇಲಿನವರು ಹೇಳಿದಾಗ ನಾನು ಗೌಡರ ಹತ್ತಿರ ಹೋಗಿ ಅದೊಂದನ್ನು ಬಿಡಲು ಕೇಳಿಕೊಂಡೆ.

“ಅದ್ನ ಇಟ್ಕಂಡು ಏನ್ಲಾ ಮಾಡೀಯೆ?”

“ಓಡುಸ್ತೀನಿ ಸಾ.”

ಗೌಡರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಡ್ಯೂಟಿ ಟೈಮಲ್ಲಿ ಮುಟ್ಟಬ್ಯಾಡ. ಆಮೇಕೆ ಏನಾದ್ರೂ ಮಾಡ್ಕೊ,” ಎಂದು ಒಳಕ್ಕೆ ಹೋದರು.

ಅವತ್ತಿನಿಂದ ಕೆಲಸ ಬಿಟ್ಟ ಮೇಲೆ ಬೆಳಕಿರುವ ತನಕ, ಮತ್ತೆ ಭಾನುವಾರಗಳಲ್ಲಿ, ನಾನು ಹೊಂಗೆ ಮರದ ಕೆಳಗೆ ಇರುತ್ತಿದ್ದೆ. ಸೈಲೆನ್ಸರಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಪಿಸ್ಟನ್ನುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಪ್ಲಗ್ಗಿನ ತೂತುಗಳಿಂದ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಸುರಿದು ಬಿಟ್ಟೆ. ದಿನಾ ಸಂಜೆ ಹೋಗಿ ಹ್ಯಾಂಡಲ್ಲಿನ ಮೇಲೆ ಭಾರ ಹಾಕಿ ನೋಡುವುದು, ಅಲ್ಲಾಡದಿದ್ದರೆ ಇನ್ನಷ್ಟು ಸುರಿಯುವುದು. ಇಂಥ ಕಡೆ ಬಲ ಹಾಕಿದವರು ಏನಾದರೊಂದು ಮುರಿದುಕೊಳ್ಳುತ್ತಾರೆ. ವಾರಗಟ್ಟಲೆ ಆದ ಮೇಲೆ ಒಂದು ಸಂಜೆ ಹ್ಯಾಂಡಲ್ಲು ಕೂದಲೆಳೆಯಷ್ಟು ಜಗ್ಗಿತು. ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ಆಡಿಸುತ್ತಾ ಇನ್ನೂ ಕೆಲವು ದಿನಗಳಲ್ಲಿ ಒಂದು ಪೂರ್ತಿ ಸುತ್ತು ಬಂತು. ಮೇಲಿನ ಬೂದು ಬಣ್ಣ ಕೆರೆದಾಗ ಕೆಳಗೆ ಮಿಲಿಟರಿಯ ಹಸಿರು, ಅದರ ಮೇಲೆ ಸೈನ್ಯದ ಸಾಮಾನಿಗೆ ಹಾಕುವ ಬಾಣದ ಗುರುತು ಕಾಣಿಸಿತು.

ಪಂಪಿನೊಳಗೆ ತಿರುಗುವ ದಂಡಕ್ಕೆ ಆಸರೆಯಾದ ಹಿತ್ತಾಳೆ ಬುಷ್ಷು ಸವೆದು ಹೋಗಿತ್ತು. ಅಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಾಗಮಂಗಲದಲ್ಲಿ ವಿಗ್ರಹ, ದೀಪ ಎರಕ ಹೊಯ್ಯುವ ಒಬ್ಬರಿಗೆ ಹಳೆಯದನ್ನು ಕೊಟ್ಟೆ. ಇದು ಯಾವ ದೇವರಿಗೆ ಎಂದು ಕೇಳಿದರು. ನೀರೆತ್ತಲು ಎಂದೆ. ಸರಿ ಎಂದು ಹೊಯ್ದು ಕೊಟ್ಟರು, ವರ್ಕ್‌ಶಾಪಿನ ಲೇತಿನಲ್ಲಿ ಅಳತೆಗೆ ತಂದೆ.

ಕಷ್ಟ ಇದ್ದದ್ದು ಮ್ಯಾಗ್ನೆಟೊದಲ್ಲಿ. ಒಳಗಿನ ತಂತಿಗೆ ಬಳಿದಿದ್ದ ಅರಗು ಕರಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಬಿಚ್ಚಿ, ಕೂದಲಿಗಿಂತ ತೆಳುವಾದ ಹೊಸ ತಂತಿಯನ್ನು ಸುತ್ತಬೇಕು. ಮೇಜಿನ ಮೇಲೆ ಇಕ್ಕಳದಂತೆ ಕಚ್ಚಿ ಹಿಡಿಯುವ ಬೈಸಿಗೆ ಕೈ ಡ್ರಿಲ್ಲು ಕಟ್ಟಿಕೊಂಡು ಸುತ್ತುತ್ತಿದ್ದೆ. ಉಸಿರು ಜೋರಾಗಿ ಬಿಟ್ಟರೂ ತಂತಿ ತುಂಡಾಗುತ್ತಿತ್ತು, ಮತ್ತೆ ಮೊದಲಿನಿಂದ. ಆ ಸಂಜೆಗಳಲ್ಲಿ ನಾನು ಸಾವಿತ್ರಿಯನ್ನು ನೆನೆಯುತ್ತಿರಲಿಲ್ಲ, ಇನ್ನೇನನ್ನೂ ನೆನೆಯುತ್ತಿರಲಿಲ್ಲ. ಅದೇ ಬೇಕಾಗಿತ್ತೇನೋ.

ಸುತ್ತಿ ಮುಗಿದರೂ ಕಿಡಿ ಸರಿಯಾಗಿ ಬರಲಿಲ್ಲ. ಮ್ಯಾಗ್ನೆಟೊವನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸು ಹತ್ತಿ ಗೌಸ್ ಸಾಬರ ಮನೆಗೆ ಹೋದೆ. ಅವರಿಗೆ ಆಗ ಕಣ್ಣು ಮಂಜಾಗಿ ಎದುರಿಗಿದ್ದವರು ನೆರಳಿನಂತೆ ಕಾಣುತ್ತಿದ್ದರು. ಜಗಲಿಯ ಮೇಲೆ ಕೂತು ಮ್ಯಾಗ್ನೆಟೊವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಬೆರಳಾಡಿಸಿದರು. ವೈರಿನ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು, ತಿರುಗಿಸು ಎಂದರು. ಆ ಕಿಡಿಯ ಏಟು ಹೇಗಿರುತ್ತದೆಂದು ಗೊತ್ತಿದ್ದವನಾದ್ದರಿಂದ ನಾನು ಹಿಂದೆ ಮುಂದೆ ನೋಡಿದೆ. ಅವರು ಮತ್ತೆ ಹೇಳಿದ ಮೇಲೆ ತಿರುಗಿಸಿದೆ. ಅವರ ಕೈ ಸಣ್ಣದಾಗಿ ಅದುರಿತು.

“ಸತ್ತಿಲ್ಲ ಬೇಟಾ. ಸುಸ್ತಾಗೈತೆ ಅಷ್ಟೆ. ಮ್ಯಾಗ್ನೆಟ್‌ಗೆ ಜಾನ್ ಇಲ್ಲ,” ಎಂದರು.

ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬುವುದು ಹೇಗೆಂದು ಹೇಳಿಕೊಟ್ಟರು: ದಪ್ಪ ತಂತಿಯನ್ನು ಅದರ ಎರಡೂ ಕಾಲಿಗೆ ಸುತ್ತಿ, ಲಾರಿ ಬ್ಯಾಟರಿಗಳನ್ನು ಜೋಡಿಸಿ, ಒಂದೇ ಒಂದು ಕ್ಷಣ ತಾಗಿಸಿ ತೆಗೆಯಬೇಕು. ದಿಕ್ಕು ತಪ್ಪಿದರೆ ಇದ್ದದ್ದೂ ಹೋಗುತ್ತದೆ. ತಿಳಿದುಕೊಂಡು ಎದ್ದು ಹೊರಟಾಗ ಸಾಬರು ನನ್ನ ಅಂಗಿಯ ತುದಿ ಹಿಡಿದರು. “ಇನ್ನೊಂದು ಸೊಲ್ಪ ಕೂತ್ಕೋ. ಇದ್ರ ಬಗ್ಗೆ ಕೇಳೋಕೆ ಯಾರು ಬತ್ತಾರೆ ನನ್ ಹತ್ರ?” ನಾನು ಕೂತೆ. ಮರುಭೂಮಿಯಲ್ಲಿ ಮರಳು ಹೊಕ್ಕ ಎಂಜಿನುಗಳನ್ನು ತೊಳೆಯುತ್ತಿದ್ದದ್ದು, ಬರ್ಮಾದ ಗಡಿಯಲ್ಲಿ ಮಳೆಯಲ್ಲೇ ಮ್ಯಾಗ್ನೆಟೊ ಬಿಚ್ಚಿದ್ದು, ಹೀಗೆ ಸಂಜೆಯ ಕೊನೇ ಬಸ್ಸಿನವರೆಗೂ ಹೇಳಿದರು. ಮುಂದಿನ ಸಲ ಬರುವಾಗ ಎಂಜಿನು ಓಡಿತು ಎಂದು ಹೇಳಲು ಬಾ ಎಂದರು.

ಅದು ಓಡಿದ್ದು ಒಂದು ಭಾನುವಾರದ ಮಧ್ಯಾಹ್ನ. ಎರಡು ಸಲ ಹ್ಯಾಂಡಲ್ ಹೊಡೆದಾಗ ಕೆಮ್ಮಿ ಸುಮ್ಮನಾಯಿತು. ಮತ್ತೊಮ್ಮೆ ಹೊಡೆದಾಗ ನೀಲಿ ಹೊಗೆ ಉಗುಳಿ ಹಿಡಿದುಕೊಂಡಿತು. ಮೊದಮೊದಲು ಎಡವಿ, ಆಮೇಲೆ ಒಂದೇ ಸಮನಾಯಿತು. ಹೊಂಗೆ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ನಾನು ಹ್ಯಾಂಡಲ್ಲು ಕೈಯಲ್ಲಿ ಹಿಡಿದುಕೊಂಡೇ ಸುತ್ತಲೂ ನೋಡಿದೆ. ವರ್ಕ್‌ಶಾಪಿಗೆ ಬೀಗ ಹಾಕಿತ್ತು. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ತಿರುಗಿ ನೋಡಿ ಹೋದ. ಅಷ್ಟು ತಿಂಗಳ ಕೆಲಸ ಕೈಗೂಡಿದಾಗ ಹೇಳಿಕೊಳ್ಳಲು ಒಂದು ಜೀವವಿಲ್ಲದಿದ್ದರೆ ಹೇಗಿರುತ್ತದೆಂದು ನನಗೆ ಅವತ್ತು ತಿಳಿಯಿತು. ಎಂಜಿನು ನಿಲ್ಲಿಸಿ, ಕೈ ತೊಳೆದು, ನೇರ ಗಂಜಾಮಿಗೆ ಹೋದೆ. ಸಾಬರ ಮನೆಗೆ ಬೀಗ ಇತ್ತು. ಕಣ್ಣು ಪೂರ್ತಿ ಹೋದದ್ದರಿಂದ ಮಗಳು ಬಂದು ಕೋಲಾರದ ಕಡೆಗೆ ಕರೆದುಕೊಂಡು ಹೋದಳೆಂದು ಪಕ್ಕದ ಮನೆಯಾಕೆ ಹೇಳಿದರು. ವಿಳಾಸ ಅವರಿಗೆ ಗೊತ್ತಿರಲಿಲ್ಲ. ನಾನು ಸಾಬರನ್ನು ಮತ್ತೆ ನೋಡಲಿಲ್ಲ.

ಗೌಡರು ಸೋಮವಾರ ಎಂಜಿನಿನ ಸದ್ದು ಕೇಳಿ, ಒಂದು ಸುತ್ತು ಹಾಕಿ, ಸೋರುತ್ತಿದ್ದ ಒಂದು ಜಾಯಿಂಟು ತೋರಿಸಿ ಬೈದು ಹೋದರು. ಅದಕ್ಕೊಂದು ತಗಡಿನ ಮಾಡು ಹಾಕಿಸಿಕೊಟ್ಟರು. ವಾರಕ್ಕೊಮ್ಮೆ ಓಡಿಸುತ್ತಿದ್ದೆ. ಯಾವ ಕೆಲಸಕ್ಕೂ ಯಾರೂ ಅದನ್ನು ಕೇಳಲಿಲ್ಲ.

ಮರುವರ್ಷದ ಬೇಸಿಗೆ. ನಾಲೆಗೆ ನೀರು ನಿಲ್ಲಿಸಿದ್ದರು. ಡೀಸೆಲ್ ಪಂಪುಗಳೆಲ್ಲ ರಿಪೇರಿ ನಡೆಯುವ ಕಡೆಗೆ ಹೋಗಿದ್ದವು. ಚಿನಕುರಳಿಯ ಇಬ್ಬರು ಹಿರಿಯರು ವರ್ಕ್‌ಶಾಪಿಗೆ ಬಂದರು. ಅವರ ಹಿಂದೆ ಒಬ್ಬ ಹೆಂಗಸು, ಮೂವತ್ತರ ಒಳಗಿನವಳು, ಹೆಸರು ಜಯಮ್ಮ. ಅವಳ ಗಂಡ ಶಿವಲಿಂಗ ಕ್ವಾರಿಯಲ್ಲಿ ಕಲ್ಲು ಒಡೆಯುವವನು. ಮನೆಯಿಂದ ಹೋದವನು ವಾರವಾದರೂ ಬಂದಿರಲಿಲ್ಲ. ಊರಾಚೆ ಕೆಲಸ ನಿಲ್ಲಿಸಿದ್ದ ಹಳೇ ಕ್ವಾರಿಯ ಹೊಂಡದಲ್ಲಿ ಆಳವಾಗಿ ನೀರು ನಿಂತಿತ್ತು. ಅದರ ಅಂಚಿನಲ್ಲಿ ಅವನ ಮೆಟ್ಟುಗಳು ಸಿಕ್ಕಿದ್ದವು. ನದಿಯ ಕಡೆಯಿಂದ ಮುಳುಗು ಹಾಕುವವರನ್ನು ಕರೆಸಿ ಹುಡುಕಿಸಿದ್ದರು. ತಳದಲ್ಲಿ ಬಂಡೆ, ಕತ್ತಲೆ, ಏನೂ ಕಾಣದು ಎಂದು ಅವರು ಮೇಲೆ ಬಂದಿದ್ದರು. ನೀರು ಖಾಲಿ ಮಾಡಿಸದೆ ಬೇರೆ ದಾರಿ ಇರಲಿಲ್ಲ. ಅಲ್ಲಿಗೆ ಕರೆಂಟಿನ ಲೈನು ಇಲ್ಲ. ರೈತರ ಪಂಪುಗಳು ಅವರವರ ಗದ್ದೆಗೇ ಸಾಲದ ಕಾಲ.

ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. “ನಿನ್ನ ಮಿಲಿಟ್ರಿ ಓಡ್ತದೇನ್ಲಾ?”

“ಓಡ್ತದೆ ಸಾ.”

“ಅರ್ದಕ್ಕೇ ನಿಂತುಬುಟ್ರೆ?”

“ನಿಂತ್ರೆ ರಿಪೇರಿ ಮಾಡ್ತೀನಿ.”

“ಯೋಚ್ನೆ ಮಾಡಿ ಏಳು. ಆ ಎಣ್ಣುಮಗಳು ಅಲ್ಲೇ ಕೂತು ನಿನ್ ಎಂಜಿನ್ನೇ ನೋಡ್ತಿರ್ತಾಳೆ.”

ಹೊರಗೆ ಬಾಗಿಲ ಹತ್ತಿರ ಜಯಮ್ಮ ನಿಂತಿದ್ದಳು. ನಾನು ಹೋಗುತ್ತೇನೆ ಎಂದೆ.

ಟ್ರಾಕ್ಟರಿಗೆ ಕಟ್ಟಿಕೊಂಡು ಪಂಪನ್ನು ಎಳೆದೊಯ್ದೆವು. ಹೊಂಡದ ಒಂದು ಬದಿಯಲ್ಲಿ ಕಲ್ಲು ಸಾಗಿಸಲು ಮಾಡಿದ್ದ ಹಳೇ ಗಾಡಿ ದಾರಿ ಕೆಳಕ್ಕೆ ಇಳಿಯುತ್ತಿತ್ತು. ಎಂಥ ಪಂಪಾದರೂ ಒಂದಷ್ಟು ಆಳದಿಂದ ಮಾತ್ರ ನೀರು ಎಳೆಯಬಲ್ಲದು. ಹೊಂಡ ಅದಕ್ಕಿಂತ ಆಳವಿತ್ತು. ನೀರು ಇಳಿದ ಹಾಗೆ ಪಂಪೂ ಇಳಿಯುತ್ತಾ ಹೋಗಬೇಕೆಂದು ಗೌಡರು ಮೊದಲ ದಿನ ತಾವೇ ಬಂದು, ಹಗ್ಗ ಕಟ್ಟಿ, ಗಾಲಿಗೆ ಕಲ್ಲು ಕೊಟ್ಟು ಇಳಿಸುವುದನ್ನು ಊರವರಿಗೆ ತೋರಿಸಿ ಹೋದರು. ಆಮೇಲೆ ಎಂಜಿನಿನ ಹತ್ತಿರ ನಾನೊಬ್ಬನೇ. ಸದ್ದು ಬಂಡೆಗಳಿಗೆ ಬಡಿದು ಬಡಿದು ತಿರುಗಿ ಬರುತ್ತಿತ್ತು. ಕಿವಿಗೆ ಬಾಯಿ ಹತ್ತಿರ ತಂದು ಕೂಗಿದರೂ ಮಾತು ಕೇಳುತ್ತಿರಲಿಲ್ಲ. ಜನ ಬಂದು ಮೇಲಿನ ಅಂಚಿನಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಹೋಗದೆ ಕೂತಿದ್ದವರು ಇಬ್ಬರೇ. ಜಾಲಿ ಮರದ ನೆರಳಿನಲ್ಲಿ ಜಯಮ್ಮ, ಮತ್ತೆ ಶಿವಲಿಂಗನ ತಾಯಿ ಕಾಳವ್ವ. ಕಾಳವ್ವ ಮಗನ ಮೆಟ್ಟುಗಳನ್ನು ಟವಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಮಧ್ಯಾಹ್ನ ಎಂಜಿನು ಆರಲೆಂದು ನಿಲ್ಲಿಸಿದಾಗ ಜಯಮ್ಮ ನನಗೆ ಮುದ್ದೆ, ಉಪ್ಪೆಸರು ತಂದು ಕೊಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳು ಮಾಡಿದ್ದನ್ನು ತಿನ್ನಲು ನನಗೆ ಸಂಕೋಚ. ಒಂದು ದಿನ ಬೇಡ ಎಂದೆ. ಮನೆಯಲ್ಲಿ ದಿನಾ ಮೂರು ಮುದ್ದೆ ಕಟ್ಟಿ ಅಭ್ಯಾಸ, ಕೈ ಅಷ್ಟೇ ಕಟ್ಟುತ್ತದೆ, ತಿನ್ನು ಎಂದಳು.

ಗಂಡ ಹೋದದ್ದು ಹೇಗೆಂದು ಅವಳೇ ಹೇಳಿದಳು. ಜಗಳ ಇರಲಿಲ್ಲ. ಕುಡಿತ ಇರಲಿಲ್ಲ. “ಉಂಡ, ಕೈ ತೊಳ್ಕಂಡ, ಬತ್ತೀನಿ ಅಂದ. ಅಷ್ಟೇ ಕಣಣ್ಣ. ಬತ್ತೀನಿ ಅನ್ನಾಗ ಮಕ ಎಂಗಿತ್ತು ಅಂತ ನಾನ್ ನೋಡ್ನಿಲ್ಲ. ಪಾತ್ರೆ ಎತ್ತಿಡ್ತಿದ್ದೆ.”

ಮೂರನೇ ದಿನ ಪೈಪಿನ ಒಂದು ಜಾಯಿಂಟು ಕಿತ್ತು ನೀರಿನ ಧಾರೆ ನೇರವಾಗಿ ಮ್ಯಾಗ್ನೆಟೊದ ಮೇಲೆ ಹೊಡೆಯಿತು. ಎಂಜಿನು ತಟಕ್ಕನೆ ನಿಂತಿತು. ಅಷ್ಟು ಹೊತ್ತಿನ ಸದ್ದಿನ ನಂತರ ಬಂದ ಆ ನಿಶ್ಶಬ್ದದಲ್ಲಿ ಮೇಲಿನಿಂದ ಕಾಳವ್ವ ಅಳುವುದು ಕೇಳಿಸಿತು. ಎಂಜಿನು ನಿಂತದ್ದು ಮಗ ಸಿಕ್ಕಿದ್ದಕ್ಕೆ ಎಂದು ಅವಳು ತಿಳಿದಿದ್ದಳು.

ನಾನು ಮ್ಯಾಗ್ನೆಟೊ ಬಿಚ್ಚಿಕೊಂಡು ಜಯಮ್ಮನ ಮನೆಗೆ ಹೋದೆ. ತಂತಿಯ ಸುತ್ತಿಗೆ ನೀರು ಹೊಕ್ಕರೆ ಬೆಂಕಿಗೆ ಹಿಡಿಯಬಾರದು, ಅರಗು ಕರಗುತ್ತದೆ. ಬಿಸಿಲಿಗೆ ಇಟ್ಟರೆ ಒಳಗಿನ ತೇವ ಹೋಗುವುದಿಲ್ಲ. ಅವಳು ಒಲೆಯ ಬಿಸಿ ಬೂದಿಯ ಮೇಲೆ ಮಡಕೆಯಲ್ಲಿ ಮರಳು ಬೆಚ್ಚಗೆ ಮಾಡಿ ಕೊಟ್ಟಳು. ಬಟ್ಟೆಯಲ್ಲಿ ಸುತ್ತಿ ಮರಳಿನ ಮೇಲಿಟ್ಟು ಕಾದೆವು. ಬಿಸಿ ಹೆಚ್ಚಾಯಿತೆ ಎಂದು ಅವಳು ಕೈ ಇಟ್ಟು ಇಟ್ಟು ನೋಡುತ್ತಿದ್ದಳು, ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಸಂಜೆಗೆ ಒಣಗಿತು. ಕಿಡಿ ಬಂತೇ ಎಂದು ಕೈಯಲ್ಲಿ ತಿರುಗಿಸಿ ನೋಡಿದೆ. ವೈರಿನ ತುದಿಯಿಂದ ನೀಲಿ ಕಿಡಿ ಚಟ್ಟೆಂದು ಹಾರಿತು.

ಜಯಮ್ಮ ಬಗ್ಗಿ ನೋಡುತ್ತಿದ್ದಳು. “ಇದ್ರೊಳಗೆ ಬೆಂಕಿ ಎಲ್ಲದೆ ಅಣ್ಣ?” ಎಂದು ಕೇಳಿದಳು. ಒಳಗೆ ಬೆಂಕಿ ಇಲ್ಲ, ತಿರುಗಿಸಿದಾಗ ಮಾತ್ರ ಹುಟ್ಟುತ್ತದೆ ಎಂದೆ. ಅವಳು ತಾನೂ ಒಮ್ಮೆ ತಿರುಗಿಸಿ ಕಿಡಿ ನೋಡಿದಳು. ಆ ದಿನಗಳಲ್ಲಿ ಅವಳ ಮುಖದಲ್ಲಿ ನಗುವಿನಂಥದ್ದೇನಾದರೂ ಕಂಡಿದ್ದರೆ ಆಗಲೇ.

ನಂತರ ಎರಡು ದಿನ ತಡೆಯಿಲ್ಲದೆ ಓಡಿತು. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೊಂಡದ ತಳ ಕಾಣಿಸಿತು. ಕೆಸರು, ಬಂಡೆ ತುಂಡುಗಳು, ಮುರಿದ ಸುತ್ತಿಗೆ ಒಂದು, ಯಾವುದೋ ಮೇಕೆಯ ಮೂಳೆ. ಊರಿನ ಗಂಡಸರು ಇಳಿದು ಕೆಸರನ್ನೆಲ್ಲ ಕೋಲಿನಿಂದ ತಿವಿದು, ಬಂಡೆ ಸಂದುಗಳಲ್ಲಿ ಕೈ ಹಾಕಿ ಹುಡುಕಿದರು. ಪೋಲೀಸಿನವನೊಬ್ಬ ಮೇಲೆ ನಿಂತಿದ್ದ. ಒಂದು ಮೂಲೆಯಲ್ಲಿ ಉಳಿದಿದ್ದ ಸ್ವಲ್ಪ ನೀರನ್ನೂ ಕಾಲಿಂದ ಕಲಕಿ ನೋಡಿದರು.

ಶಿವಲಿಂಗ ಅಲ್ಲಿ ಇರಲಿಲ್ಲ.

ನಾನು ಎಂಜಿನು ನಿಲ್ಲಿಸಿದೆ. ಮೇಲೆ ಜನರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಬದುಕಿದ್ದಾನೆ, ಎಲ್ಲೋ ಕೆಲಸಕ್ಕೆ ಹೋಗಿದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಎಂದು ಕಾಳವ್ವನ ಬೆನ್ನು ಸವರುತ್ತಿದ್ದರು. ಕಾಳವ್ವ ಮೆಟ್ಟುಗಳನ್ನು ಕಣ್ಣಿಗೆ ಒತ್ತಿಕೊಂಡು, “ನನ್ ಮಗ ಅವ್ನೆ, ನನ್ ಮಗ ಅವ್ನೆ,” ಎನ್ನುತ್ತಿದ್ದಳು. ಮುಳುಗಿ ಸತ್ತವನನ್ನು ಎತ್ತಲು ಬಂದಿದ್ದ ಗಂಡಸರು ಹಗುರವಾಗಿ ಬೀಡಿ ಹಚ್ಚಿದರು. ನನಗೂ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ, ಎಂಜಿನು ಕೈ ಕೊಡದೆ ಕೆಲಸ ಮುಗಿಸಿತಲ್ಲ ಎಂದೂ ಸಂತೋಷವಾಯಿತು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಶಿವಲಿಂಗ ಬರಲಿಲ್ಲ. ಬೆಂಗಳೂರಿನ ಹತ್ತಿರ ಒಂದು ಕ್ವಾರಿಯಲ್ಲಿ ಅವನಂಥವನನ್ನು ಕಂಡೆ ಎಂದು ಯಾರೋ ಹೇಳಿದರಂತೆ, ಹೋಗಿ ನೋಡಿದರೆ ಬೇರೆಯವನು. ಕಾಳವ್ವ ಕೆಲವು ವರ್ಷ ಕಾದು ತೀರಿಕೊಂಡಳು. ಜಯಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡಳು. ಒಮ್ಮೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಹಣೆಯಲ್ಲಿ ಕುಂಕುಮ ಇತ್ತು. ನನ್ನ ಗುರುತು ಹಿಡಿದು, ಊಟ ಆಯಿತೇ ಅಣ್ಣ ಎಂದು ಕೇಳಿದಳು. ಮಿಲಿಟರಿ ಎಂಜಿನು ಮತ್ತೆ ಯಾವ ಕೆಲಸಕ್ಕೂ ಹೋಗಲಿಲ್ಲ. ಗೌಡರು ನಿವೃತ್ತರಾದ ಮೇಲೆ ಬಂದವರು ಅದನ್ನು ಹರಾಜಿಗೆ ಹಾಕಿದರು. ಲಾರಿಗೆ ಹತ್ತಿಸುವಾಗ ನಾನು ನಾಲೆ ಕೆಲಸಕ್ಕೆ ಹೋಗಿದ್ದೆ.

ಇವೆಲ್ಲ ಆಮೇಲಿನ ಮಾತು. ಆ ದಿನ, ಜನ ಮೇಲೆ ಮಾತಾಡುತ್ತಿದ್ದಾಗ, ನಾನು ಕೆಳಗೆ ಪೈಪುಗಳನ್ನು ಬಿಚ್ಚಲು ಶುರು ಮಾಡಿದ್ದೆ. ಜಯಮ್ಮ ಗಾಡಿ ದಾರಿಯಲ್ಲಿ ಒಬ್ಬಳೇ ಇಳಿದು ಬಂದಳು. ಖಾಲಿ ಹೊಂಡವನ್ನು ಒಂದು ಸುತ್ತು ನೋಡಿದಳು. ಸ್ಪ್ಯಾನರು ಹಿಡಿದ ನನ್ನ ಕೈ ನೋಡಿದಳು.

“ಬಿಚ್ಚಬ್ಯಾಡ ಅಣ್ಣ. ಇನ್ನೊಸಿ ಓಡ್ಸು.”

“ನೀರೆಲ್ಲ ಮುಗೀತಲ್ಲವ್ವ.”

“ಗೊತ್ತು. ಅತ್ತೆ ಸಂತೋಸವಾಗವ್ಳೆ. ಅವ್ಳಿಗೆ ಕೇಳಬಾರ್ದು.”

ಏನು ಕೇಳಬಾರದು ಎಂದು ನನಗೆ ಆ ಕ್ಷಣ ತಿಳಿಯಲಿಲ್ಲ. ಅವಳೇ ಹೇಳಿದಳು, ನನ್ನ ಕಡೆ ನೋಡದೆ, ಕೆಸರಿನ ಕಡೆ ನೋಡುತ್ತಾ: “ಸತ್ತಿದ್ರೆ ಇಲ್ಲಿರ್ತಿದ್ದ. ಇಲ್ಲ ಅಂದ್ರೆ ನನ್ನ ಬುಟ್ಟೋದ ಅಂತಾನೇ ಅಲ್ವ.”

ಬಿಚ್ಚಿದ್ದ ಪೈಪನ್ನು ಮತ್ತೆ ಹಾಕಿದೆ. ನೀರಿಲ್ಲದೆ ಓಡಿಸಿದರೆ ಪಂಪು ಕಾದು ಹೋಗುತ್ತದೆ. ಎಳೆಯುವ ಪೈಪನ್ನು ಮೂಲೆಯ ಮಡುವಿಗೆ ಇಳಿಸಿ, ಹೊರಹಾಕುವ ಪೈಪನ್ನೂ ಅದೇ ಮಡುವಿನ ಕಡೆಗೆ ತಿರುಗಿಸಿದೆ. ಹ್ಯಾಂಡಲ್ ಹೊಡೆದಾಗ ಒಂದೇ ಏಟಿಗೆ ಹಿಡಿದುಕೊಂಡಿತು. ಮೇಲಿನಿಂದ ಯಾರೋ ಬಗ್ಗಿ ನೋಡಿದರು. ಮೆಕ್ಯಾನಿಕ್ಕು ಪಂಪು ತೊಳೆಯುತ್ತಿದ್ದಾನೆ ಎಂದುಕೊಂಡಿರಬೇಕು, ಹಿಂದೆ ಸರಿದರು.

ಜಯಮ್ಮ ಗಾಡಿಯ ಗಾಲಿಯ ಪಕ್ಕ ಕೂತು, ಎರಡೂ ಕೈಯಿಂದ ಗಾಲಿಯ ಅಂಚನ್ನು ಹಿಡಿದುಕೊಂಡು ಅತ್ತಳು. ನಾನು ಅವಳಿಗೆ ಬೆನ್ನು ಮಾಡಿ ಎಂಜಿನಿನ ಕಡೆ ಮುಖ ಹಾಕಿ ನಿಂತೆ. ತಳದ ನೀರು ಮೇಲೆ ಬರುತ್ತಿತ್ತು, ಮತ್ತೆ ಅಲ್ಲಿಗೇ ಬೀಳುತ್ತಿತ್ತು. ಒಂದು ಸಲ ಅವಳ ದನಿ ಸದ್ದನ್ನು ಮೀರಿ ಬಂದಂತೆ ಅನ್ನಿಸಿತು. ವೇಗ ಏರಿಸುವ ಥ್ರಾಟಲ್ಲನ್ನು ಇನ್ನಷ್ಟು ಎಳೆದು ಹಿಡಿದೆ. ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಬಿಸಿಲು ಎದುರಿನ ಬಂಡೆಯನ್ನು ಬಿಟ್ಟು ಮೇಲಕ್ಕೆ ಹೋಗಿತ್ತು.

ಕೊನೆಗೆ ಅವಳು ಎದ್ದು ಬಂದು, ಪೈಪಿನಿಂದ ಬೀಳುತ್ತಿದ್ದ ನೀರಿಗೆ ಕೈಯೊಡ್ಡಿ ಮುಖ ತೊಳೆದುಕೊಂಡಳು. ಸೆರಗಿನಲ್ಲಿ ಒರೆಸಿಕೊಂಡು, ಸಾಕು ಎಂದು ಕೈ ಮಾಡಿದಳು. ನಾನು ನಿಲ್ಲಿಸಿದೆ. ಅವಳು ಗಾಡಿ ದಾರಿಯಲ್ಲಿ ಮೇಲೆ ಹತ್ತಿ ಹೋದಳು. ಜನ ಚದುರಿದ್ದರು. ಜಾಲಿ ಮರದ ಕೆಳಗೆ ಕಾಳವ್ವ ಒಬ್ಬಳೇ ಕೂತಿದ್ದಳು. ಎಂಜಿನಿನ ಸದ್ದು ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿದ್ದರೂ ಮೇಲಿನಿಂದ ಜಯಮ್ಮ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಏಳತ್ತೆ, ಮನೆಗೋಗನ. ನಾವಿಲ್ಲಿ ಕೂತಿರಾಗ ನಿನ್ ಮಗ ಬಂದ್ರೆ ಬಾಗ್ಲು ಆಕಿರ್ತದೆ.”